ಜರ್ಮನ್ ಪಾಸ್‌ಪೋರ್ಟ್ ತಗೊಳ್ಳಲಾ, ಬೇಡವಾ? ಊರಲ್ಲಿ ಅಪ್ಪಯ್ಯ, ಆಯಿ ಇಬ್ಬರೇ ಇದ್ದಾರೆ

ನೆಕ್ಕಾರ್ ದಂಡೆ
ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯವನು. 2018ರಿಂದ ಸ್ಟುಟ್‌ಗಾರ್ಟ್ ಹತ್ತಿರ ಇದ್ದೇನೆ. ಹೆಂಡತಿ, ಐದು ವರ್ಷದ ಮಗಳು ಜೊತೆಗಿದ್ದಾರೆ. ಕಾಯಂ ವಾಸದ ಪರವಾನಗಿ ಸಿಕ್ಕಿದೆ. ಈಗ ಪೌರತ್ವಕ್ಕೂ ಅರ್ಜಿ ಹಾಕಬಹುದು. 2024ರ ಜೂನ್‌ನಲ್ಲಿ ಕಾನೂನು ಬದಲಾಗಿ ಎಂಟು ವರ್ಷ ಇದ್ದದ್ದು ಐದಕ್ಕೆ ಇಳಿಯಿತು. ಜರ್ಮನಿ ಎರಡು ಪೌರತ್ವ ಒಪ್ಪುತ್ತದೆ, ನಮ್ಮ ದೇಶ ಒಪ್ಪುವುದಿಲ್ಲ. ಅಂದರೆ ಭಾರತದ ಪಾಸ್‌ಪೋರ್ಟ್ ವಾಪಸ್ ಕೊಡಬೇಕು. ಅರ್ಜಿ ತುಂಬಿ ಮೂರು ತಿಂಗಳಾಯಿತು. ಇನ್ನೂ ಮೇಜಿನ ಮೇಲೆಯೇ ಇದೆ.

ಊರಲ್ಲಿ ಎರಡೂವರೆ ಎಕರೆ ಅಡಿಕೆ ತೋಟ. ಅಪ್ಪಯ್ಯನಿಗೆ 71. ಕಳೆದ ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯಲು ಕೊನೆಗೌಡ, ಅಂದರೆ ಅಡಿಕೆ ಮರ ಹತ್ತುವವನು, ಸಿಗಲಿಲ್ಲ. ಇವತ್ತು ಬರುತ್ತೇನೆ ಅಂದವನು ಬರಲಿಲ್ಲ. ಅಪ್ಪಯ್ಯ ಬೆಳಿಗ್ಗೆ ಎದ್ದು ಮೈಲುತುತ್ತ, ಸುಣ್ಣ ಕದಡಿ ಇಟ್ಟಿದ್ದರು. ಆ ದ್ರಾವಣ ಅವತ್ತೇ ಹೊಡೆಯಬೇಕು, ಮರುದಿನಕ್ಕೆ ಬರುವುದಿಲ್ಲ. ಎರಡು ದಿನ ಹಾಗೇ ಕದಡಿ, ಎರಡು ದಿನ ಚೆಲ್ಲಿದರು. ನಾನು ವಿಡಿಯೋ ಕಾಲ್‌ನಲ್ಲಿ ಡ್ರಮ್ಮಿನೊಳಗಿನ ಆ ನೀಲಿ ನೀರು ನೋಡುತ್ತಾ ಕೂತಿದ್ದೆ. ಅವರು ಏನೂ ದೂರಲಿಲ್ಲ. "ಊಟ ಆತಾ ತಮಾ?" ಅಂತ ಕೇಳಿದರು.

ಅವತ್ತಿನಿಂದ ಒಂದೇ ಯೋಚನೆ. ನಾವೆಲ್ಲ ಹೊರಟಿದ್ದಾದರೂ ಯಾಕೆ? ಪಾಸ್‌ಪೋರ್ಟ್ ಬದಲಾಯಿಸಿದವರು, ವಾಪಸ್ ಹೋದವರು, ಹೋಗಲಾರದೆ ಉಳಿದವರು, ನಿಮ್ಮ ಅನುಭವ ಹೇಳಿ.

ಹುಬ್ಬಳ್ಳಿ ಗಾಳಿ
ಯಾಕ ಹೊರಟ್ವಿ ಅಂದ್ರ ಸಂಬಳಕ್ಕ. ಅದನ್ನ ಮೊದಲು ಒಪ್ಪಿಕೊಳ್ಳೋಣ ನೋಡ್ರಿ. ಸಂಬಳ ಬ್ಯಾರೆ, ಪ್ರೀತಿ ಬ್ಯಾರೆ.

ಹಾಸನದ ಹುಡುಗಿ
ಎಲ್ಲರೂ ಸಂಬಳಕ್ಕೇ ಹೊರಟಿಲ್ಲ. ನಾನು ಬೆಂಗಳೂರಿನಲ್ಲಿ ಇದಕ್ಕಿಂತ ಜಾಸ್ತಿ ಉಳಿಸುತ್ತಿದ್ದೆ. ಅಲ್ಲಿ ದಿನಕ್ಕೆ ಮೂರು ಗಂಟೆ ಹೊರವರ್ತುಲ ರಸ್ತೆಯಲ್ಲಿ ಕಳೆಯುತ್ತಿತ್ತು. ಇಲ್ಲಿ ಮ್ಯೂನಿಕ್‌ನಲ್ಲಿ ಟ್ರಾಮ್ ಇಳಿದು ರಾತ್ರಿ ಹನ್ನೊಂದಕ್ಕೆ ಒಬ್ಬಳೇ ಮನೆಗೆ ನಡೆಯುತ್ತೇನೆ. ಹಿಂದೆ ಯಾರಾದರೂ ಬರುತ್ತಿದ್ದಾರಾ ಅಂತ ತಿರುಗಿ ನೋಡುವ ಅಭ್ಯಾಸ ಹೋಗಲು ನನಗೆ ಎರಡು ವರ್ಷ ಬೇಕಾಯಿತು. ಆ ಎರಡು ವರ್ಷ ಆದ ಮೇಲೆ ನನ್ನೊಳಗೆ ಏನು ಹಗುರವಾಯಿತು ಅನ್ನುವುದನ್ನು ಸಂಬಳದ ಲೆಕ್ಕದಲ್ಲಿ ಹೇಳಲು ಆಗುವುದಿಲ್ಲ.

ಹುಬ್ಬಳ್ಳಿ ಗಾಳಿ
ಖರೇ ಮಾತು ಅಕ್ಕಾರ. ನಾ ಗಂಡಸರ ಲೆಕ್ಕಾ ಅಷ್ಟ ಹೇಳಿದೆ. ತಪ್ಪಾತು.

ತುಂಗೆಯ ಕಲ್ಲು
ನೆಕ್ಕಾರ್ ದಂಡೆ ಅವರೇ, ಪಾಸ್‌ಪೋರ್ಟ್ ಕೊಡಲೇಬೇಡಿ. ಒಸಿಐ (ಬೇರೆ ದೇಶದ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಕೊಡುವ ಕಾರ್ಡ್) ಆದರೆ ತೋಟ ಕೈಬಿಟ್ಟು ಹೋಗುತ್ತದೆ. ನನ್ನ ಸ್ನೇಹಿತನಿಗೆ ಹಾಗೇ ಆಯಿತು ಅಂತ ಕೇಳಿದ್ದೇನೆ.

ಪಹಣಿ
ಇದು ತಪ್ಪು. ಸುಮ್ನೆ ಹೆದರಿಸಬೇಡಿ. ಒಸಿಐ ಇದ್ದವರು ಕೃಷಿ ಜಮೀನು *ಕೊಳ್ಳುವ* ಹಾಗಿಲ್ಲ. ಆದರೆ ಅಪ್ಪನ ಜಮೀನು ಮಗನಿಗೆ ವಾರಸುದಾರಿಕೆಯಲ್ಲಿ ಬರುವುದಕ್ಕೆ ತಡೆ ಇಲ್ಲ. ಮುಂದೆ ಮಾರುವುದಾದರೆ ಭಾರತದಲ್ಲೇ ನೆಲೆಸಿರುವ ಭಾರತೀಯ ಪ್ರಜೆಗೇ ಮಾರಬೇಕು, ಅಷ್ಟೇ. ಇನ್ನೊಂದು ವಿಷಯ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡ ಎನ್‌ಆರ್‌ಐ ಕೂಡ ಹೊಸದಾಗಿ ಕೃಷಿ ಜಮೀನು ಕೊಳ್ಳುವ ಹಾಗಿಲ್ಲ. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದು ಯಾರು ಬೇಕಾದರೂ ಕೊಳ್ಳಬಹುದು ಎಂದಾಗ ಬಹಳ ಜನ ತಪ್ಪು ತಿಳಿದುಕೊಂಡರು. ಅದು ರಾಜ್ಯದ ಕಾಯ್ದೆ. ಹೊರದೇಶದಲ್ಲಿ ಇರುವವರಿಗೆ ವಿದೇಶಿ ವಿನಿಮಯದ ಕಾನೂನು ಬೇರೆ ಇದೆ. ಹಾಗಾಗಿ ತೋಟದ ಮಟ್ಟಿಗೆ ಪಾಸ್‌ಪೋರ್ಟ್‌ನಿಂದ ನಿಮಗೆ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ವೋಟು ಹೋಗುತ್ತದೆ, ಸರ್ಕಾರಿ ನೌಕರಿ ಸಿಗುವುದಿಲ್ಲ.

ತುಂಗೆಯ ಕಲ್ಲು
ಸರಿ, ತಿದ್ದಿದ್ದಕ್ಕೆ ಧನ್ಯವಾದ. ಕೇಳಿದ ಮಾತು ಹೇಳಿದ್ದು ನನ್ನ ತಪ್ಪು. ಆದರೆ ವೋಟು ಹೋಗುವುದು ಸಣ್ಣ ವಿಷಯ ಅಲ್ಲ.

ಹುಬ್ಬಳ್ಳಿ ಗಾಳಿ
ಈಗರ ಎಷ್ಟ ಮಂದಿ ಹಾಕ್ತೀವ್ರಿ? 2011ರಿಂದ ಎನ್‌ಆರ್‌ಐ ವೋಟಿಗೆ ಅವಕಾಶ ಐತಿ, ಆದ್ರ ಖುದ್ದ ಊರಿಗೆ ಬಂದು ಬೂತ್‌ನ್ಯಾಗ ನಿಂದರಬೇಕು. ನಾ 2018ರಾಗ ಒಮ್ಮೆ ಹಾಕೀನಿ, ಅದೂ ತಂಗಿ ಮದುವಿಗೆ ಬಂದಾಗ.

ಬಜ್ಪೆ–ಶಾರ್ಜಾ
ನಿಮ್ಮ ಪ್ರಶ್ನೆ ಓದಿ ಒಂದು ಮಾತು ಹೇಳಬೇಕು ಅನ್ನಿಸಿತು. ಗಲ್ಫ್‌ನಲ್ಲಿ ಇರುವ ನಮಗೆ ಈ ಪ್ರಶ್ನೆಯೇ ಇಲ್ಲ. ಎಷ್ಟು ವರ್ಷ ದುಡಿದರೂ ಇಲ್ಲಿನ ಪೌರತ್ವ ನಮ್ಮಂಥವರಿಗೆ ಸಿಗುವುದಿಲ್ಲ. ಕೆಲಸ ಇದ್ದರೆ ವೀಸಾ, ವೀಸಾ ಇದ್ದರೆ ನಾವು.

ನಾನು ಬಂದದ್ದು 2006ರ ಕೊನೆಗೆ. ಬಜ್ಪೆಯಿಂದ ದುಬೈಗೆ ನೇರ ವಿಮಾನ ಶುರುವಾದ ವರ್ಷ. ನಮ್ಮ ಅಣ್ಣ ಬರುವಾಗ ಬಸ್ಸಿನಲ್ಲಿ ಮುಂಬೈಗೆ ಹೋಗಿ ಅಲ್ಲಿಂದ ಹತ್ತಬೇಕಿತ್ತು. ನಾನು ಎಸಿ ಮೆಕ್ಯಾನಿಕ್ ಆಗಿ ಸೇರಿದೆ, ಈಗ ಸೂಪರ್‌ವೈಸರ್. ಮೊದಲ ನಾಲ್ಕು ವರ್ಷ ಒಂದು ರೂಮಿನಲ್ಲಿ ಎಂಟು ಜನ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವ ಹಾಗಿಲ್ಲ ಅಂತ ನಿಯಮ ಇದೆ. ಮೂರು ಗಂಟೆಗೆ ಟೆರೇಸ್ ಹತ್ತಿದರೆ ಸ್ಪ್ಯಾನರ್ ಕೈಯಲ್ಲಿ ಹಿಡಿಯಲು ಆಗುತ್ತಿರಲಿಲ್ಲ. ಒದ್ದೆ ಬಟ್ಟೆ ಸುತ್ತಿ ಹಿಡಿಯುತ್ತಿದ್ದೆವು.

ದುಡ್ಡು ಉಳಿಯಿತು. ತೆರಿಗೆ ಇಲ್ಲ. ಇಬ್ಬರು ತಂಗಿಯರ ಮದುವೆ ಆಯಿತು. ಮೂಡುಬಿದಿರೆ ಹತ್ತಿರ ಮನೆ ಕಟ್ಟಿಸಿ ಒಂಬತ್ತು ವರ್ಷ ಆಯಿತು. ವರ್ಷಕ್ಕೆ 30 ದಿನ ರಜೆ. ಲೆಕ್ಕ ಹಾಕಿ ನೋಡಿ, ಆ ಮನೆಯಲ್ಲಿ ನಾನು ಮಲಗಿದ್ದು ಒಟ್ಟು ಒಂದು ವರ್ಷವೂ ಆಗಿಲ್ಲ. ನನ್ನ ಕೋಣೆಯ ಸ್ವಿಚ್ ಯಾವುದು ಯಾವುದಕ್ಕೆ ಅಂತ ಪ್ರತಿ ಸಲ ಮಗನನ್ನು ಕೇಳುತ್ತೇನೆ.

ಕುಂದಾಪ್ರ ಮಳಿ
ಅಣ್ಣಾ, ಕಡೆಯ ಸಾಲು ಓದಿ ಕಣ್ಣು ತುಂಬಿತು. ನಮ್ಮ ಅಪ್ಪ ಕುವೈತ್‌ನಲ್ಲಿದ್ದರು. 1990ರ ಆಗಸ್ಟ್‌ನಲ್ಲಿ ಇರಾಕ್ ನುಗ್ಗಿದಾಗ ಅಲ್ಲೇ ಸಿಕ್ಕಿಬಿದ್ದರು. ಬಸ್ಸಿನಲ್ಲಿ ಬಾಗ್ದಾದ್, ಅಲ್ಲಿಂದ ಜೋರ್ಡಾನ್ ಗಡಿ, ಮರುಭೂಮಿಯ ಟೆಂಟಿನಲ್ಲಿ ಹನ್ನೊಂದು ದಿನ, ಆಮೇಲೆ ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನ. ಆಗ ಒಂದು ಲಕ್ಷದ ಎಪ್ಪತ್ತು ಸಾವಿರ ಹತ್ತಿರ ಭಾರತೀಯರನ್ನು ಕರೆತಂದರು. ಅಪ್ಪ ಮನೆಗೆ ಬಂದಾಗ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಒಂದು ಲುಂಗಿ, ಒಂದು ಥರ್ಮಾಸ್. ಹನ್ನೆರಡು ವರ್ಷದ ದುಡಿಮೆ ಅಲ್ಲಿನ ಬ್ಯಾಂಕಿನಲ್ಲೇ ಉಳಿಯಿತು.

ಅದಾಗಿ ಎರಡು ವರ್ಷಕ್ಕೆ ಮತ್ತೆ ಹೊರಟರು! ಊರಲ್ಲಿ ಕೆಲಸ ಇರಲಿಲ್ಲ, ಅದೇ ಕಾರಣ. ಅಮ್ಮ ಆ ಥರ್ಮಾಸನ್ನು ಈಗಲೂ ಇಟ್ಟಿದ್ದಾರೆ.

ತುಂಗೆಯ ಕಲ್ಲು
@ಬಜ್ಪೆ–ಶಾರ್ಜಾ ಈಗ ಯುಎಇಯಲ್ಲಿ ಹತ್ತು ವರ್ಷದ ಗೋಲ್ಡನ್ ವೀಸಾ ಇದೆಯಲ್ವಾ? ಉಳಿಯಬಹುದಲ್ವಾ?

ಬಜ್ಪೆ–ಶಾರ್ಜಾ
ಇದೆ. ಅದು ದೊಡ್ಡ ಸಂಬಳದವರಿಗೆ, ಡಾಕ್ಟರ್‌ಗಳಿಗೆ, ಲಕ್ಷಗಟ್ಟಲೆ ಹಣ ಹೂಡುವವರಿಗೆ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲೇ 4,000 ದಿರ್ಹಂ ಸಂಬಳ ಇರಬೇಕು, ಅಥವಾ 3,000 ಮತ್ತು ಕಂಪನಿಯ ಮನೆ. ನಮ್ಮ ಹುಡುಗರಲ್ಲಿ ಅರ್ಧಕ್ಕರ್ಧ ಜನರಿಗೆ ಅದೇ ಇಲ್ಲ. ಹೋಗಲಿ, ಹೊರಡುವಾಗ ಗ್ರಾಚ್ಯುಟಿ ಸಿಗುತ್ತದೆ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ಸಂಬಳ, ಆಮೇಲಿನದಕ್ಕೆ 30 ದಿನದ್ದು. ಅದನ್ನು ನಂಬಿಕೊಂಡು ಒಂದು ದಿನ ಬರುತ್ತೇನೆ. ಯಾವ ದಿನ ಅಂತ ಕೇಳಬೇಡಿ.

ನರ್ಸಕ್ಕ
ಹೊಸದಾಗಿ ಗಲ್ಫ್‌ಗೆ ಹೊರಡುವವರು ಓದುತ್ತಿದ್ದರೆ ಒಂದು ಮಾತು. ಏಜೆಂಟ್ ತಗೊಳ್ಳಬಹುದಾದ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಮಾತ್ರ. ಲೈಸೆನ್ಸ್ ಇದೆಯಾ ಅಂತ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿಕೊಳ್ಳಿ. ನನ್ನ ಚಿಕ್ಕಮ್ಮನ ಮಗನಿಂದ ಒಬ್ಬ ಏಜೆಂಟ್ ಒಂದೂವರೆ ಲಕ್ಷ ತಗೊಂಡು ಪ್ರವಾಸಿ ವೀಸಾದಲ್ಲಿ ಕಳಿಸಿದ. ಹುಡುಗ ಮೂರು ತಿಂಗಳಿಗೆ ವಾಪಸ್. ದುಡ್ಡು ಬರಲಿಲ್ಲ.

ಇನ್ನು ನನ್ನ ಕಥೆ. ಊರಿನ ಹತ್ತಿರದ ಪೇಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನನಗೆ ಹದಿನಾಲ್ಕು ಸಾವಿರ ಸಂಬಳ ಇತ್ತು. ರಾತ್ರಿ ಪಾಳಿಯಲ್ಲಿ 22 ರೋಗಿಗಳಿಗೆ ಒಬ್ಬಳೇ. ಜರ್ಮನ್ ಬಿ2 ಮಟ್ಟದವರೆಗೆ ಕಲಿತು ಇಲ್ಲಿಗೆ ಬಂದೆ. ಇಲ್ಲಿ ಓದಿಗೆ ಮಾನ್ಯತೆ ಸಿಗುವವರೆಗೆ ಸಹಾಯಕಿಯ ಕೆಲಸ. ಎಂಟು ವರ್ಷ ಅನುಭವ ಇದ್ದವಳು ಮತ್ತೆ ಹಾಸಿಗೆ ಬದಲಾಯಿಸುವುದರಿಂದ ಶುರು ಮಾಡಿದೆ. ಅತ್ತಿದ್ದೇನೆ. ಆದರೆ ಇಲ್ಲಿ ಜ್ವರ ಬಂದರೆ ರಜೆ ಹಾಕಲು ಯಾರ ಮುಂದೆಯೂ ಕೈ ಮುಗಿಯಬೇಕಾಗಿಲ್ಲ. ಆರು ವಾರದವರೆಗೆ ಪೂರ್ತಿ ಸಂಬಳ ಬರುತ್ತದೆ. ನನ್ನ ದೇಶ ನನ್ನ ಕೆಲಸಕ್ಕೆ ಇಷ್ಟು ಮರ್ಯಾದೆ ಕೊಟ್ಟಿದ್ದರೆ ನಾನು ಹೊರಡುತ್ತಿರಲಿಲ್ಲ.

ಹುಬ್ಬಳ್ಳಿ ಗಾಳಿ
ಜರ್ಮನ್ಯಾಗ 42 ಪರ್ಸೆಂಟ್ ಟ್ಯಾಕ್ಸ್ ಹಿಡೀತಾರಂತಲ್ರಿ. ಕೈಯಾಗ ಏನ ಉಳೀತದ?

ಹಾಸನದ ಹುಡುಗಿ
42 ಅನ್ನುವುದು ಸಂಬಳದ ಮೇಲಿನ ಹಂತಕ್ಕೆ ಮಾತ್ರ, ಪೂರ್ತಿ ಸಂಬಳಕ್ಕಲ್ಲ. ಜೊತೆಗೆ ಪಿಂಚಣಿ, ಆರೋಗ್ಯ ವಿಮೆ, ನಿರುದ್ಯೋಗ ವಿಮೆ ಮುರಿಯುತ್ತಾರೆ. ಒಂಟಿ ಇದ್ದವರಿಗೆ ಜಾಸ್ತಿ ಹೋಗುತ್ತದೆ, ನಿಜ. ಆದರೆ ನನ್ನ ಗೆಳತಿಗೆ ಹೆರಿಗೆಯಲ್ಲಿ ತೊಂದರೆಯಾಗಿ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದಳು. ಅವಳು ಕೈಯಿಂದ ಕೊಟ್ಟಿದ್ದು ದಿನಕ್ಕೆ ಹತ್ತು ಯೂರೋ ಕೂಡ ಅಲ್ಲ. ಊರಲ್ಲಿ ನಮ್ಮ ಮಾವನ ಹೃದಯದ ಆಪರೇಷನ್‌ಗೆ ಅತ್ತೆಯ ಬಳೆ ಅಡ ಇಟ್ಟಿದ್ದೆವು.

ದಾವಣಗೆರೆ ಬೆಣ್ಣೆ
ವಿದ್ಯಾರ್ಥಿಗಳ ಮಾತೂ ಬರಲಿ. ನಾನು ಮಾಸ್ಟರ್ಸ್ ಮಾಡಲು ಬಂದವನು. ವೀಸಾಕ್ಕೆ ಮೊದಲೇ ಬ್ಲಾಕ್ಡ್ ಅಕೌಂಟ್‌ನಲ್ಲಿ 11,904 ಯೂರೋ ಇಡಬೇಕು, ಅದರಿಂದ ತಿಂಗಳಿಗೆ 992 ಮಾತ್ರ ತೆಗೆಯಬಹುದು. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಫೀಸ್ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಇದೆ. ಅದು ನನಗೆ ಅರ್ಜಿ ಹಾಕಿದ ಮೇಲೆ ಗೊತ್ತಾಯಿತು. ಅಪ್ಪ ಮನೆ ಪತ್ರ ಬ್ಯಾಂಕಿನಲ್ಲಿಟ್ಟು ಸಾಲ ತೆಗೆದಿದ್ದಾರೆ. ಈಗ ಕೆಲಸ ಹುಡುಕುತ್ತಿದ್ದೇನೆ. ಭಾಷೆ ಬಿ1 ಇದ್ದರೂ "ಚೆನ್ನಾಗಿ ಮಾತಾಡುವವರು ಬೇಕು" ಅಂತಾರೆ. ಇಂಗ್ಲಿಷ್ ಸಾಕು ಅಂತ ಹೇಳುವ ಯೂಟ್ಯೂಬ್ ವಿಡಿಯೋ ನಂಬಬೇಡಿ ದಯವಿಟ್ಟು.

ವರದಾ ಹೊಳಿ
ನಮ್ಮ ಹಾವೇರಿ ಜಿಲ್ಲೆಯ ಹುಡುಗ 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಊಟದ ಸಾಮಾನು ತರಲು ಹೋಗಿ ಶೆಲ್ ದಾಳಿಗೆ ಸತ್ತ. ಡಾಕ್ಟರ್ ಆಗಬೇಕು ಅಂತ ಹೋದವನು. ಇಲ್ಲಿ ಖಾಸಗಿ ಮೆಡಿಕಲ್ ಸೀಟಿನ ಬೆಲೆ ನಮ್ಮ ಹಳ್ಳಿಯ ಮನೆಗಳಿಗೆ ಮುಟ್ಟುವುದಿಲ್ಲ. ಜನ ಯಾಕೆ ಹೊರಗೆ ಹೋಗುತ್ತಾರೆ ಅಂತ ಕೇಳುವವರು ಆ ಮನೆಯ ಮುಂದೆ ಒಮ್ಮೆ ನಿಂತು ಬರಲಿ.

ಮಣ್ಣಿನ ಮಗ
ಬುದ್ಧಿ ಇದ್ದವರೆಲ್ಲ ಹೊರಟುಹೋದರೆ ಇಲ್ಲಿನದನ್ನು ಸರಿ ಮಾಡುವವರು ಯಾರು? ಇಲ್ಲೇ ಓದಿ, ಇಲ್ಲಿನ ತೆರಿಗೆಯಲ್ಲಿ ಓದಿ, ಅಲ್ಲಿ ತೆರಿಗೆ ಕಟ್ಟುತ್ತೀರಿ. ಆಮೇಲೆ ಕರಿಬೇವು ಸಿಗುವುದಿಲ್ಲ ಅಂತ ಅಳುತ್ತೀರಿ.

ನರ್ಸಕ್ಕ
ಹದಿನಾಲ್ಕು ಸಾವಿರ ಅಂತ ಬರೆದಿದ್ದು ಓದಿದಿರಾ ಅಣ್ಣಾ?

ವರದಾ ಹೊಳಿ
"ಬುದ್ಧಿ ಇದ್ದವರು" ಅಂದರೆ ಯಾರು? ದಾವಣಗೆರೆ, ಶಿವಮೊಗ್ಗ, ಹುಣಸೂರು ಕಡೆಯ ಹಕ್ಕಿಪಿಕ್ಕಿ ಜನ ಗಿಡಮೂಲಿಕೆ, ತಲೆಗೂದಲ ಎಣ್ಣೆ ಮಾರಲು ಆಫ್ರಿಕಾದವರೆಗೆ ಹೋಗುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದಿದ್ದರಲ್ಲ, ಆಪರೇಷನ್ ಕಾವೇರಿಯಲ್ಲಿ ವಾಪಸ್ ಬಂದರು. ಕಾಡಿನ ಬೇಟೆ ನಿಂತ ಮೇಲೆ ಅವರು ಕಂಡುಕೊಂಡ ದಾರಿ ಅದು. ಅವರಿಗೆ ಅಮೆರಿಕದ ಕೆಲಸದ ವೀಸಾ ಎಚ್-1ಬಿ ಇಲ್ಲ, ಯುರೋಪಿನ ಕೆಲಸದ ಪರವಾನಗಿ ಬ್ಲೂ ಕಾರ್ಡ್ ಇಲ್ಲ. ಧೈರ್ಯ ಒಂದೇ ಬಂಡವಾಳ. ವಲಸೆ ಅಂದ ತಕ್ಷಣ ಐಟಿ ಹುಡುಗರ ಮುಖವೇ ಕಾಣುತ್ತದೆ, ಅದು ಸರಿಯಲ್ಲ.

ಮಣ್ಣಿನ ಮಗ
ನರ್ಸಕ್ಕ, ಕೆಳಗಿನಿಂದ ಓದಲು ಶುರು ಮಾಡಿದ್ದೆ, ಈಗ ನಿಮ್ಮದು ಓದಿದೆ. ಕ್ಷಮಿಸಿ. ನನ್ನ ಸಿಟ್ಟು ನಿಮ್ಮ ಮೇಲಲ್ಲ. ನಮ್ಮೂರ ಶಾಲೆಯಲ್ಲಿ ನನ್ನ ಜೊತೆ ಓದಿದ ಹದಿನೆಂಟು ಜನರಲ್ಲಿ ಊರಲ್ಲಿ ಉಳಿದವನು ನಾನೊಬ್ಬ. ಯಾರದಾದರೂ ಮನೆಯಲ್ಲಿ ವಯಸ್ಸಾದವರು ಬಿದ್ದರೆ ರಾತ್ರಿ ನನಗೇ ಫೋನ್ ಬರುತ್ತದೆ. ಅಮೆರಿಕದಿಂದಲೂ ಬರುತ್ತದೆ, ಬೆಂಗಳೂರಿನಿಂದಲೂ ಬರುತ್ತದೆ. ಹೋಗುತ್ತೇನೆ. ಆದರೆ ದಣಿವಾಗುತ್ತದೆ.

ನೆಕ್ಕಾರ್ ದಂಡೆ
ಮಣ್ಣಿನ ಮಗ, ನಿಮ್ಮಂಥವರು ನಮ್ಮೂರಲ್ಲೂ ಒಬ್ಬರಿದ್ದಾರೆ. ಆಯಿಗೆ ಕಳೆದ ವರ್ಷ ಎದೆನೋವು ಬಂದಾಗ ಜೀಪಿನಲ್ಲಿ ಹುಬ್ಬಳ್ಳಿಯವರೆಗೆ ಕರೆದುಕೊಂಡು ಹೋದವರು ಅವರೇ. ನಮ್ಮ ಉತ್ತರ ಕನ್ನಡದಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಜನ ಎಷ್ಟು ಕೂಗಿದರು ಅಂತ ನಿಮಗೆ ಗೊತ್ತಿದೆ. ಈಗಲೂ ದೊಡ್ಡ ಕಾಯಿಲೆ ಅಂದರೆ ಮಣಿಪಾಲ, ಇಲ್ಲವೇ ಹುಬ್ಬಳ್ಳಿ. ನಾನು ಆ ರಾತ್ರಿ ಇಲ್ಲಿ ಅಡುಗೆಮನೆಯಲ್ಲಿ ಫೋನ್ ಹಿಡಿದು ನಿಂತಿದ್ದೆ. ಅವರ ಋಣ ಹೇಗೆ ತೀರಿಸುವುದು ಗೊತ್ತಿಲ್ಲ.

ಮಲ್ಲೇಶ್ವರ 8ನೇ ಅಡ್ಡರಸ್ತೆ
ಒಂದು ಪ್ರಶ್ನೆ. ಬೆಂಗಳೂರಿನಲ್ಲಿ ಇರುವ ಮಕ್ಕಳು ಏನು ದಿನಾ ತೋಟಕ್ಕೆ ಹೋಗುತ್ತಾರಾ? ನಮ್ಮ ಮನೆಯವರದ್ದೂ ಸಿದ್ದಾಪುರ. ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಊರು. ಆದರೂ ಹೋಗುವುದು ದೀಪಾವಳಿಗೆ, ತಿಥಿಗೆ. ದೂರ ಕಿಲೋಮೀಟರ್‌ನಲ್ಲಿ ಮಾತ್ರ ಇಲ್ಲ.

ಹಾಸನದ ಹುಡುಗಿ
ಹೌದು. ಆದರೆ ಸುದ್ದಿ ಬಂದ ರಾತ್ರಿ ಬಸ್ಸು ಹತ್ತುವುದಕ್ಕೂ, ಟಿಕೆಟ್ ಹುಡುಕಿ ಎರಡು ವಿಮಾನ ಬದಲಾಯಿಸುವುದಕ್ಕೂ ವ್ಯತ್ಯಾಸ ಇದೆ. ನಾನು ಅಜ್ಜಿಯ ಮುಖ ನೋಡಲು ಆಗಲಿಲ್ಲ.

ಮಲ್ಲೇಶ್ವರ 8ನೇ ಅಡ್ಡರಸ್ತೆ
ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ದಾವಣಗೆರೆ ಬೆಣ್ಣೆ
ವಿಷಯ ಬಿಟ್ಟು ಕೇಳುತ್ತೇನೆ, ಬೈಬೇಡಿ. ಈ ಚಳಿಯಲ್ಲಿ ಇಡ್ಲಿ ಹಿಟ್ಟು ಹುದುಗುತ್ತಲೇ ಇಲ್ಲ. ಏನು ಮಾಡುತ್ತೀರಿ?

ನರ್ಸಕ್ಕ
ಓವನ್‌ನ ಲೈಟ್ ಮಾತ್ರ ಹಾಕಿ, ಬಿಸಿ ಹಾಕಬೇಡ. ಪಾತ್ರೆ ಒಳಗಿಟ್ಟು ರಾತ್ರಿ ಬಿಟ್ಟುಬಿಡು ತಮ್ಮಾ. ಹಿಟ್ಟನ್ನು ಕೈಯಿಂದಲೇ ಕಲಸು, ಸೌಟಿನಿಂದ ಬೇಡ. ಉಪ್ಪು ಬೆಳಿಗ್ಗೆ ಹಾಕು.

ಕುಂದಾಪ್ರ ಮಳಿ
ಉಪ್ಪು ರಾತ್ರಿಯೇ ಹಾಕಬೇಕು. ನಮ್ಮ ಕಡೆ ಹಾಗೇ.

ನರ್ಸಕ್ಕ
ನಿಮ್ಮ ಕಡೆ ಸೆಖೆ, ಇಲ್ಲಿ ಮೈನಸ್ ನಾಲ್ಕು. ಬೆಳಿಗ್ಗೆಯೇ ಸರಿ.

ನೆಕ್ಕಾರ್ ದಂಡೆ
ನಮ್ಮ ಆಯಿ ಕಳಿಸುವ ಅಪ್ಪೆಮಿಡಿ ಉಪ್ಪಿನಕಾಯಿಗೆ ತೊಂದರೆ ಆಗಿಲ್ಲ. ತುಪ್ಪ ಮಾತ್ರ ತರಬೇಡಿ. ಹಾಲಿನ ಪದಾರ್ಥ, ಮಾಂಸ ಹೊರಗಿನಿಂದ ಯುರೋಪಿಗೆ ತರುವ ಹಾಗಿಲ್ಲ. ಒಂದು ಸಲ ಫ್ರಾಂಕ್‌ಫರ್ಟ್‌ನಲ್ಲಿ ಆಯಿ ಕಾಯಿಸಿದ ಎರಡು ಕಿಲೋ ತುಪ್ಪ ಕಸದ ಡಬ್ಬಿಗೆ ಹೋಯಿತು. ಅವಳಿಗೆ ಇನ್ನೂ ಹೇಳಿಲ್ಲ.

ನಿರ್ವಾಹಕ
ಇಡ್ಲಿಗೆ ಬೇರೆ ಎಳೆ ಇದೆ, ಅಲ್ಲಿ ಮುಂದುವರಿಸಿ. ಇಲ್ಲಿ ವಿಷಯಕ್ಕೆ ಬನ್ನಿ.

ಎಡಿಸನ್ ಕನ್ನಡಿಗ
ನೆಕ್ಕಾರ್ ದಂಡೆ, ನಿಮ್ಮ ಪ್ರಶ್ನೆಯನ್ನೇ ನಾನು ಇನ್ನೊಂದು ಕಡೆಯಿಂದ ನೋಡುತ್ತೇನೆ. ನಾನು ನ್ಯೂಜೆರ್ಸಿಯಲ್ಲಿ 2011ರಿಂದ ಇದ್ದೇನೆ. ಗ್ರೀನ್ ಕಾರ್ಡ್ (ಇಲ್ಲಿನ ಕಾಯಂ ವಾಸದ ಪರವಾನಗಿ) ಸಾಲಿನಲ್ಲಿ ನಿಂತಿದ್ದೇನೆ. ವರ್ಷಕ್ಕೆ ಕೊಡುವ ಕಾರ್ಡ್‌ಗಳಲ್ಲಿ ಒಂದು ದೇಶಕ್ಕೆ ಶೇಕಡಾ 7 ಅಂತ ಮಿತಿ ಇದೆ. ಚಿಕ್ಕ ದೇಶಕ್ಕೂ ಅಷ್ಟೇ, ಭಾರತಕ್ಕೂ ಅಷ್ಟೇ. ಹಾಗಾಗಿ ನಮ್ಮವರು ಹತ್ತು ವರ್ಷಕ್ಕೂ ಮೀರಿ ಕಾಯುತ್ತಾರೆ. ಕೆಲಸ ಹೋದರೆ 60 ದಿನದೊಳಗೆ ಇನ್ನೊಂದು ಹುಡುಕಬೇಕು, ಇಲ್ಲವೇ ಹೊರಡಬೇಕು. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಅಂತ ಬಂತಲ್ಲ, ಊರಿಗೆ ಹೋಗಿದ್ದ ನಮ್ಮ ಆಫೀಸಿನ ಇಬ್ಬರು ರಾತ್ರೋರಾತ್ರಿ ಟಿಕೆಟ್ ಮಾಡಿ ಓಡಿಬಂದರು. ಹಳೆಯ ವೀಸಾದವರಿಗೆ ಅನ್ವಯಿಸುವುದಿಲ್ಲ ಅಂತ ಮರುದಿನ ಗೊತ್ತಾಯಿತು. ಒಬ್ಬನು ಅಕ್ಕನ ಮಗಳ ನಾಮಕರಣ ಬಿಟ್ಟು ಬಂದಿದ್ದ.

ನನ್ನ ತಂದೆಗೆ ಪಾರ್ಕಿನ್ಸನ್ ಇದೆ. ಎರಡು ವರ್ಷ ಮೈಸೂರಿನಲ್ಲಿ ಅವರ ಜೊತೆ ಇದ್ದು ಬರಬೇಕು ಅಂತ ಆಸೆ. ಆಗುವುದಿಲ್ಲ. ಎರಡು ವರ್ಷ ಹೊರಗಿದ್ದರೆ ಇಲ್ಲಿ ಹುಟ್ಟಿದ ಮಕ್ಕಳ ಓದು, ನನ್ನ ಕೆಲಸ, ವೀಸಾ ಎಲ್ಲ ಮತ್ತೆ ಮೊದಲಿನಿಂದ. ನನ್ನ ಪಕ್ಕದ ಮನೆಯವರು ಅಮೆರಿಕದ ಪೌರತ್ವ ಪಡೆದವರು. ತಾಯಿಗೆ ಹುಷಾರಿಲ್ಲ ಅಂದಾಗ ಮೂರು ವರ್ಷ ತುಮಕೂರಿಗೆ ಹೋಗಿ ಇದ್ದರು, ತಾಯಿ ಹೋದ ಮೇಲೆ ವಾಪಸ್ ಬಂದರು. ಯಾರೂ ಏನೂ ಕೇಳಲಿಲ್ಲ. ಪರದೇಶದ ಪಾಸ್‌ಪೋರ್ಟ್ ಇದ್ದವರು ಊರಿಗೆ ಹೋದರು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡ ನಾನು ಇಲ್ಲೇ ಉಳಿದೆ. ಇದನ್ನು ಸರಿಯಾಗಿ ಯೋಚನೆ ಮಾಡಿ.

ಪಹಣಿ
ಇದು ಮುಖ್ಯವಾದ ಮಾತು. ಜರ್ಮನಿಯಲ್ಲೂ ಹಾಗೇ. ಕಾಯಂ ವಾಸದ ಪರವಾನಗಿ ಇದ್ದವರು ಸಾಮಾನ್ಯವಾಗಿ ಆರು ತಿಂಗಳಿಗಿಂತ ಜಾಸ್ತಿ ಹೊರಗಿದ್ದರೆ ಅದು ರದ್ದಾಗುತ್ತದೆ. ಬ್ಲೂ ಕಾರ್ಡ್ ಇದ್ದವರಿಗೆ 12 ತಿಂಗಳು. ಪೌರತ್ವ ಇದ್ದರೆ ಈ ಲೆಕ್ಕವೇ ಇಲ್ಲ. ಒಸಿಐ ಕಾರ್ಡ್ ಇದ್ದರೆ ಊರಲ್ಲಿ ಎಷ್ಟು ವರ್ಷ ಬೇಕಾದರೂ ಇರಬಹುದು.

ತುಂಗೆಯ ಕಲ್ಲು
ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ಆದರೂ ಮನಸ್ಸು ಒಪ್ಪುವುದಿಲ್ಲ. ಆ ನೀಲಿ ಪುಸ್ತಕ ಕೌಂಟರಿನಲ್ಲಿ ಕೊಟ್ಟು ಬರುವಾಗ ಏನನ್ನಿಸುತ್ತದೋ.

ಮಲೆನಾಡ ಸೊಸೆ
ನಾನು ಕೊಟ್ಟು ಬಂದವಳು. ಅವರು ರದ್ದು ಮಾಡಿ ವಾಪಸ್ ಕೊಡುತ್ತಾರೆ. ಹೊರಗೆ ಬಂದು ಕಾರಿನಲ್ಲಿ ಕೂತು ಅರ್ಧ ಗಂಟೆ ಅತ್ತೆ. ಮನೆಗೆ ಬಂದು ಚಿತ್ರಾನ್ನ ಮಾಡಿದೆ. ಮರುದಿನವೂ ನಾನು ಕೊಪ್ಪದವಳೇ ಆಗಿದ್ದೆ.

ಮಣ್ಣಿನ ಮಗ
ಅಪ್ಪ ಅಮ್ಮನನ್ನೇ ಅಲ್ಲಿಗೆ ಕರೆಸಿಕೊಳ್ಳಲು ಆಗುವುದಿಲ್ಲವಾ?

ನೆಕ್ಕಾರ್ ದಂಡೆ
ಪ್ರವಾಸಿ ವೀಸಾದಲ್ಲಿ 180 ದಿನದಲ್ಲಿ 90 ದಿನ ಮಾತ್ರ. 2024ರ ಮಾರ್ಚ್ 1ರ ನಂತರ ಮೊದಲ ಸಲ ಕೆಲಸದ ಪರವಾನಗಿ ಪಡೆದವರಿಗೆ ತಂದೆತಾಯಿಯನ್ನು ಕರೆಸಿಕೊಳ್ಳುವ ಅವಕಾಶ ಕೊಟ್ಟಿದ್ದಾರೆ. ಅದಕ್ಕೂ ಅವರ ಆರೋಗ್ಯ ವಿಮೆ ತೋರಿಸಬೇಕು, ಆ ವಯಸ್ಸಿಗೆ ಅದೇ ಕಷ್ಟ. ನಾನು 2018ರವನು, ನನಗೆ ಅದು ಇಲ್ಲ. ಇದ್ದರೂ ಅಪ್ಪಯ್ಯ ಬರುವವರಲ್ಲ. 2022ರಲ್ಲಿ ಎರಡು ತಿಂಗಳು ಬಂದಿದ್ದರು. ಎಲ್ಲ ಚೆಂದ ಅಂದರು. ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಬಾಲ್ಕನಿಯಲ್ಲಿ ನಿಲ್ಲುತ್ತಿದ್ದರು. ಹೋಗಲು ಎಲ್ಲೂ ಇರಲಿಲ್ಲ. ಕವಳ ಹಾಕಿ ಉಗುಳುವುದಕ್ಕೂ ಜಾಗ ಇಲ್ಲ ಅಂತ ಮೂರನೇ ವಾರಕ್ಕೆ ಎಲೆ ಅಡಿಕೆ ಬಿಟ್ಟರು. ಐವತ್ತು ವರ್ಷದ ಅಭ್ಯಾಸ. ಅದು ನೋಡಿ ನನಗೆ ಬಹಳ ಬೇಜಾರಾಯಿತು.

ಶರಾವತಿ ಹಿನ್ನೀರು
ನನಗೆ 74 ವರ್ಷ. ಸಾಗರದ ಕಡೆಯವನು. ಮೊಮ್ಮಗಳು ಈ ಚರ್ಚೆ ಓದಿ ಹೇಳಿದಳು, ಅವಳೇ ಟೈಪ್ ಮಾಡುತ್ತಿದ್ದಾಳೆ.

ಊರು ಬಿಡುವುದು ನಮಗೆ ಹೊಸದಲ್ಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಮುಳುಗಡೆ ಬಂದಾಗ ನಾನು ಹನ್ನೆರಡು ವರ್ಷದ ಹುಡುಗ. ಲಾರಿಯಲ್ಲಿ ಬಾಗಿಲು, ಕಿಟಕಿ, ಮುಂಡಿಗೆ ಎಲ್ಲ ಹೇರಿಕೊಂಡು ಬಂದೆವು. ನಮ್ಮ ಅಜ್ಜ ತುಳಸಿಕಟ್ಟೆಯ ಮಣ್ಣು ಒಂದು ಮುಷ್ಟಿ ಪಂಚೆಯ ಸೆರಗಿನಲ್ಲಿ ಕಟ್ಟಿಕೊಂಡಿದ್ದರು. ಹೊಸ ಜಾಗದಲ್ಲಿ ಅವರು ಎರಡೇ ವರ್ಷ ಬದುಕಿದರು. ನಮ್ಮನ್ನು ಬೇರೆಯವರು ಎಬ್ಬಿಸಿದರು. ನಿಮ್ಮನ್ನು ಯಾರೂ ಎಬ್ಬಿಸಲಿಲ್ಲ ಅನ್ನುತ್ತೀರಿ. ಅದು ಪೂರ್ತಿ ಸತ್ಯ ಅಲ್ಲ. ನಾವು ಕಳಿಸಿದೆವು.

ನನ್ನ ಮಗ ಸಿಡ್ನಿಯಲ್ಲಿದ್ದಾನೆ. ಅವನಿಗೆ ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದಾಗ, ಅಡಿಕೆ ಕೊಟ್ಟ ದುಡ್ಡಿನಲ್ಲಿ ಬೆಂಗಳೂರಿನ ಕಾಲೇಜಿಗೆ ಸೇರಿಸಿದವನು ನಾನು. ತೋಟಕ್ಕೆ ಬಂದು ಹಾಳೆ ಹೆಕ್ಕಿದರೆ "ನಿನಗ್ಯಾಕೋ ಇದು, ಓದಿಕೋ ಹೋಗು" ಅಂದವನೂ ನಾನೇ. ಮದುವೆ ಮನೆಗಳಲ್ಲಿ ಮಗ ಆಸ್ಟ್ರೇಲಿಯಾ ಅಂತ ಹೇಳಿಕೊಂಡು ಓಡಾಡಿದೆ. ಈಗ ಬಾ ಅಂತ ಯಾವ ಬಾಯಲ್ಲಿ ಹೇಳಲಿ? ನಮ್ಮ ಕೇರಿಯ ಒಂಬತ್ತು ಮನೆಗಳಲ್ಲಿ ಆರರಲ್ಲಿ ನಮ್ಮಂಥ ಇಬ್ಬಿಬ್ಬರೇ ಇದ್ದೇವೆ.

ತಮ್ಮಾ, ನಿಮ್ಮ ಅಪ್ಪನಿಗಾಗಿ ಏನು ಮಾಡಬೇಕು ಅಂತ ಇಷ್ಟು ಜನರನ್ನು ಕೇಳುತ್ತಿದ್ದೀರಿ. ಅಪ್ಪನನ್ನು ಕೇಳಿದ್ದೀರಾ?

ಬಜ್ಪೆ–ಶಾರ್ಜಾ
ಹಿರಿಯರಿಗೆ ನಮಸ್ಕಾರ. ಇದನ್ನು ನಮ್ಮ ರೂಮಿನಲ್ಲಿ ಗಟ್ಟಿಯಾಗಿ ಓದಿ ಹೇಳಿದೆ.

ಹುಬ್ಬಳ್ಳಿ ಗಾಳಿ
ಅಜ್ಜಾರ, ನಮಸ್ಕಾರ್ರಿ.

ನೆಕ್ಕಾರ್ ದಂಡೆ
ಎರಡು ದಿನ ಬರೆಯಲಿಲ್ಲ, ಕ್ಷಮಿಸಿ. ಅಪ್ಪಯ್ಯನನ್ನು ಕೇಳಿದೆ. ಏಳು ವರ್ಷದಲ್ಲಿ ಮೊದಲ ಸಲ ನೇರವಾಗಿ ಕೇಳಿದ್ದು. ಪಾಸ್‌ಪೋರ್ಟ್ ವಿಷಯ ಪೂರ್ತಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಪುಸ್ತಕ ಯಾವ ಬಣ್ಣದ್ದಾದರೂ ಅಡ್ಡಿಲ್ಲೆ ತಮಾ, ಡಿಸೆಂಬರಲ್ಲಿ ಬರೋದರ ಬದಲು ಜೂನಲ್ಲಿ ಬಾ" ಅಂದರು.

ಇಷ್ಟು ವರ್ಷ ನಾನು ಕ್ರಿಸ್‌ಮಸ್ ರಜೆಗೆ ಹೋಗುತ್ತಿದ್ದೆ. ಆಗ ಕೊಯ್ಲು ನಡೆಯುತ್ತಿರುತ್ತದೆ, ಮನೆ ತುಂಬ ಜನ ಇರುತ್ತಾರೆ, ಆಯಿ ಸುಲಿಯುವವರಿಗೆ ಚಹಾ ಮಾಡುತ್ತಿರುತ್ತಾಳೆ. ಅವರಿಗೆ ನಾನು ಬೇಕಾಗಿರುವುದು ಆಗಲ್ಲ. ಮಳೆ ಹಿಡಿಯುವ ಮೊದಲು, ಮೊದಲ ಔಷಧಿ ಹೊಡೆಯುವ ಹೊತ್ತಿಗೆ. ನನಗೆ ಇದು ಗೊತ್ತೇ ಇರಲಿಲ್ಲ ಅಂದರೆ ನೀವು ನಂಬಬೇಕು.

ಅರ್ಜಿ ಇವತ್ತು ಹಾಕಿದೆ. ಪೌರತ್ವ ಬರಲು ಒಂದು ವರ್ಷವೋ ಎರಡೋ ಆಗಬಹುದು. ಬಂದ ಮೇಲೆ ಒಂದು ಪೂರ್ತಿ ವರ್ಷ ಊರಲ್ಲಿ ಇದ್ದು ನೋಡುವುದು ಅಂತ ಹೆಂಡತಿಯೂ ನಾನೂ ಮಾತಾಡಿಕೊಂಡಿದ್ದೇವೆ. ಅವಳಿಗೆ ಪೂರ್ತಿ ಒಪ್ಪಿಗೆ ಇಲ್ಲ, ಹಾಸನದ ಹುಡುಗಿ ಅವರು ಬರೆದ ಕಾರಣಗಳೇ ಅವಳದ್ದೂ. ಅದು ಇನ್ನೂ ಮಾತಾಡಬೇಕು. ಈ ವರ್ಷದ ರಜೆ ಮಾತ್ರ ಜೂನ್‌ಗೆ ಹಾಕಿದೆ.

ಹಾಸನದ ಹುಡುಗಿ
ನಿಮ್ಮ ಹೆಂಡತಿಯ ಮಾತು ಪೂರ್ತಿ ಕೇಳಿ. ಅದೊಂದೇ ನನ್ನ ಕೋರಿಕೆ.

ಎಡಿಸನ್ ಕನ್ನಡಿಗ
ಒಳ್ಳೆಯದಾಗಲಿ. ನಾನು ಇವತ್ತು ಮೈಸೂರಿಗೆ ಫೋನ್ ಮಾಡುತ್ತೇನೆ.

ಮಣ್ಣಿನ ಮಗ
ಔಷಧಿಗೆ ಕೊನೆಗೌಡನನ್ನೇ ನಂಬಿ ಕೂರಬೇಡಿ. ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದಲ್ಲೇ ನಿಂತು ಹೊಡೆಯಬಹುದು, ಕೊನೆಯನ್ನೂ (ಅಡಿಕೆ ಗೊಂಚಲು) ಕೊಯ್ಯಬಹುದು. ನಮ್ಮಲ್ಲಿ ನಾಲ್ಕು ಮನೆ ಸೇರಿ ಒಂದು ತಗೊಂಡಿದ್ದೇವೆ. ಸಬ್ಸಿಡಿ ಇದೆಯಾ ಅಂತ ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ.

ನೆಕ್ಕಾರ್ ದಂಡೆ
ನಮ್ಮ ಹಳೆಯ ಮರಗಳು ಐವತ್ತು, ಅರವತ್ತು ಅಡಿ ಇವೆ. ಎಷ್ಟು ಉದ್ದದ್ದು ಬೇಕಾಗುತ್ತದೆ?

ಮಣ್ಣಿನ ಮಗ
ಅರವತ್ತು ಅಡಿಯದ್ದು ಸಾಕು, ನಿಂತವನ ಎತ್ತರವೂ ಸೇರುತ್ತದೆ. ಪೂರ್ತಿ ಎಳೆದಾಗ ತುದಿ ತೂಗುತ್ತದೆ, ಕೈ ಪಳಗಲು ಎರಡು ದಿನ ಬೇಕು. ವಯಸ್ಸಾದವರ ಭುಜಕ್ಕೆ ಕಷ್ಟ. ಜೂನ್‌ನಲ್ಲಿ ನೀವು ಬಂದಾಗ ನೀವೇ ಹಿಡಿಯಿರಿ, ಅಪ್ಪಯ್ಯ ಕೆಳಗೆ ನಿಂತು ಯಾವ ಕೊನೆಗೆ ಬಿತ್ತು, ಯಾವುದಕ್ಕೆ ಬೀಳಲಿಲ್ಲ ಅಂತ ಹೇಳಲಿ. ಅವರ ಕಣ್ಣಿಗೆ ಕಾಣುವುದು ನಿಮಗೆ ಕಾಣುವುದಿಲ್ಲ.